ಭಾವಮೈದುನ ಆರಿಸಿದ ಕೂಲರ್

ಡ್ರಾಯಿಂಗ್ ಮೇಷ್ಟ್ರಿಗೆ ಯಾರು ಏನು ಮಾಡಿದರೂ ಸರಿಬರುತ್ತಿರಲಿಲ್ಲ. ಬುದ್ಧಿಯಿರುವುದು ತಮಗೊಬ್ಬರಿಗೇ ಎಂಬ ಗತ್ತು. ಮನೆಯಲ್ಲೇ ಕಂಪ್ಯೂಟರ್ ಜೋಡಿಸಲು ಹೊರಟಾಗ ಪ್ರೊಸೆಸರ್, ಮದರ್‌ಬೋರ್ಡ್ ಎರಡನ್ನೂ ತಾವೇ ಅಳೆದು ತೂಗಿ ಆರಿಸಿದರು. ಪ್ರೊಸೆಸರ್‌ನ ಬಿಸಿ ಇಳಿಸುವ ಕೂಲರ್ ಮಾತ್ರ, ಹೆಂಡತಿಯ ಕಾಟ ತಾಳಲಾರದೆ, ಅವಳ ತಮ್ಮ ಹೇಳಿದ್ದನ್ನೇ ತಂದರು. "ನಾನು ಕೂರಿಸಿಕೊಡ್ಲಾ ಭಾವ?" ಎಂದವನ ಕೈ ತಳ್ಳಿ ತಾವೇ ಕೂರಿಸಿದರು.

ಆನ್ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಕಂಪ್ಯೂಟರ್ ಕಾದು ಕೆಂಡವಾಗಿ ಆಫ್ ಆಗುತ್ತಿತ್ತು. ಮೇಷ್ಟ್ರು ಅದಕ್ಕಿಂತ ಹೆಚ್ಚು ಕಾದರು. ವರ್ಷವಿಡೀ ಬಂದವರೆದುರೆಲ್ಲ ಭಾವಮೈದುನನ ಮಾನ ಹರಾಜು ಹಾಕಿದರು. "ನಿನ್ನ ತಮ್ಮ ಆರಿಸಿದ್ದು ಕಣೇ, ತಣ್ಣಗಿರುತ್ತಾ?" ಅವನು ತನ್ನ ಪಾಡಿಗೆ ಟೀ ಕುಡಿದು ಹೋಗುತ್ತಿದ್ದ.

ಕೊನೆಗೊಂದು ದಿನ ಎಸೆದುಬಿಡಲೆಂದು ಕೂಲರ್ ಬಿಚ್ಚಿದರು. ಅದರ ತಳದಲ್ಲಿ, ಪ್ರೊಸೆಸರ್‌ಗೆ ತಾಗುವ ಕಡೆ, ಕಂಪನಿಯವರು ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು. ಕೂರಿಸುವ ಮುಂಚೆ ಕಿತ್ತುಹಾಕಬೇಕಿದ್ದ, ಇಲ್ಲದಿದ್ದರೆ ಬಿಸಿ ಕೂಲರ್‌ಗೆ ದಾಟಲು ಬಿಡದ ಹಾಳೆ. ಅದನ್ನು ಸದ್ದಿಲ್ಲದೆ ಕಿತ್ತು ಜೇಬಿಗಿಳಿಸಿ ತಿರುಗಿದರೆ, ಬಾಗಿಲಲ್ಲಿ ಭಾವಮೈದುನ ನಿಂತಿದ್ದ.

"ಆ ಹಾಳೆನಾ? ಅವತ್ತೇ ನೋಡಿದ್ದೆ ಭಾವ," ಎಂದ. "ನೀವು ಕೈ ತಳ್ಳಿದ್ರಲ್ಲ, ಅದಕ್ಕೇ ಸುಮ್ಮನಾದೆ."