ಹಿರಿಯವಳು ಹೇಳದೆ ಬಿಟ್ಟ ತಪ್ಪು

ಅಣ್ಣತಮ್ಮಂದಿರ ಮನೆ. ಕೆಳಗೆ ಅಣ್ಣನ ಸಂಸಾರ, ಮೇಲೆ ತಮ್ಮನದು, ಹಿಂದೆ ಇಬ್ಬರಿಗೂ ಸೇರಿದ ಹಿತ್ತಲು. ಓರಗಿತ್ತಿಯರು ಇಬ್ಬರೂ ಮಾಡುತ್ತಿದ್ದದ್ದು ಒಂದೇ ಕೆಲಸ. ಯಾರ ಕಚೇರಿಗೂ ಹೋಗದೆ, ಕೇಳಿದವರಿಗೆ ವೆಬ್‌ಸೈಟ್ ಕಟ್ಟಿಕೊಡುವುದು. ಹಿರಿಯವಳು ಅದನ್ನು ಹದಿನಾರು ವರ್ಷದಿಂದ ಮಾಡುತ್ತಿದ್ದಳು. ಕಿರಿಯವಳಿಗೆ ಕಲಿಸಿದವಳೂ ಅವಳೇ. ಮದುವೆಯಾಗಿ ಬಂದ ಹೊಸದರಲ್ಲಿ ಹೊತ್ತು ಹೋಗದೆ ಕೆಳಗಿಳಿದು ಬಂದು ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಗೆ, ಬಟಾಣಿ ಸುಲಿಯುತ್ತಲೇ ಮೊದಲ ಪುಟ ಬರೆಯುವುದನ್ನು ತೋರಿಸಿಕೊಟ್ಟಿದ್ದಳು.

ಹಿರಿಯವಳ ಮೇಜು ಇದ್ದದ್ದು ಅಡುಗೆಮನೆಯಲ್ಲೇ, ಹಿತ್ತಲಿನ ಕಿಟಕಿಗೆ ಮುಖ ಮಾಡಿ. ಒಂದು ಕಣ್ಣು ಪರದೆಯ ಮೇಲೆ, ಒಂದು ಕಣ್ಣು ಒಲೆಯ ಮೇಲೆ, ಮೂರನೆಯದೊಂದು ಇದ್ದಿದ್ದರೆ ಅದು ಟೊಮೇಟೊ ಪಾತಿಯ ಮೇಲೆ ಎಂದು ಗಂಡ ತಮಾಷೆ ಮಾಡುತ್ತಿದ್ದ. ಹಲ್ಲಿನ ಡಾಕ್ಟರು ಫೋನು ಮಾಡಿ ತಮ್ಮ ಫೋಟೊ ಬದಲಿಸಬೇಕು ಎಂದರೆ, ಸೌಟು ಹಿಡಿದ ಕೈಯಲ್ಲೇ ಬದಲಿಸುವಳು. ಸೈಟು ಬಿದ್ದುಹೋಗಿದೆ ಎಂದು ಹೂವಿನಂಗಡಿಯವರು ಗಾಬರಿಯಾದರೆ ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ಓಡಿ ಬರುವಳು. ಯಾವುದೂ ಕೆಡುತ್ತಿರಲಿಲ್ಲ. ಯಾವುದಕ್ಕೂ ಚಪ್ಪಾಳೆಯೂ ಬೀಳುತ್ತಿರಲಿಲ್ಲ.

ಚಪ್ಪಾಳೆ ಬೀಳುತ್ತಿದ್ದದ್ದು ಕಿರಿಯವಳಿಗೆ. ನಾಲ್ಕು ವರ್ಷದ ಹಿಂದೆ ಅವಳು ಒಂದು ತಾಂತ್ರಿಕ ಸಮ್ಮೇಳನಕ್ಕೆ ಕೇಳುಗಳಾಗಿ ಹೋದಳು. ಮರುವರ್ಷ ಅಲ್ಲೇ ಹದಿನೈದು ನಿಮಿಷ ಮಾತಾಡಿದಳು. ಆಮೇಲೆ ಅವರೇ ಕರೆಯತೊಡಗಿದರು. ಕಣ್ಣು ಕಾಣದವರೂ ಬಳಸುವ ಹಾಗೆ ಸೈಟು ಕಟ್ಟುವುದು ಹೇಗೆ ಎಂಬುದು ಅವಳ ವಿಷಯ. ಅದನ್ನು ಈ ಮನೆಗೆ ತಂದವಳು ಹಿರಿಯವಳು. ಪಿಯಾನೋ ಶ್ರುತಿ ಮಾಡುವ ಒಬ್ಬರು ಅವಳ ಗಿರಾಕಿ, ಹುಟ್ಟು ಕುರುಡರು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರಿಗೆ ಕಿವಿಗೊಟ್ಟು, ಮೌಸ್ ಮುಟ್ಟದೆ ಬರೀ ಕೀಲಿಮಣೆಯಲ್ಲಿ ಅವರು ಸೈಟಿನೊಳಗೆ ಓಡಾಡುವುದನ್ನು ಅವಳು ಒಂದು ವರ್ಷ ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದಳು. ಕಲಿತದ್ದನ್ನೆಲ್ಲ ಮೇಲಿನ ಮನೆಗೆ ಕೊಟ್ಟಿದ್ದಳು, ಕೊತ್ತಂಬರಿ ಕೊಟ್ಟ ಹಾಗೆ.

ಕಿರಿಯವಳು ಮೊದಲ ಸಲ ಹೊರಟಾಗ, ನೀವೂ ಬನ್ನಿ ಅಕ್ಕ ಎಂದು ಕರೆದದ್ದು ನಿಜ. ಸಸಿ ನೆಡುವ ವಾರ, ಮಗಳಿಗೆ ಪರೀಕ್ಷೆ, ಎರಡು ಸೈಟು ಅರ್ಧಕ್ಕೆ ನಿಂತಿವೆ, ನಾನೆಲ್ಲಿಗೆ ಬರಲಿ ಎಂದು ಹಿರಿಯವಳು ನಕ್ಕುಬಿಟ್ಟಿದ್ದಳು. ಅದಾದ ಮೇಲೆ ಯಾರೂ ಕರೆಯಲಿಲ್ಲ. ಕಿರಿಯವಳು ಊರೂರು ಸುತ್ತಿ ಬಂದು, ಕೊರಳಿಗೆ ಹಾಕುವ ಹೆಸರಿನ ಚೀಟಿಗಳನ್ನು ಮೆಟ್ಟಿಲ ಗೂಟಕ್ಕೆ ತಗುಲಿಹಾಕುತ್ತಿದ್ದಳು. ಹಿರಿಯವಳು ನೀರಿನ ಪೈಪು ತರಲು ಆ ಕಡೆ ಹೋದಾಗಲೆಲ್ಲ ಎಣಿಸುತ್ತಿದ್ದಳು. ಏಳು. ಎಂಟು. ಒಂಬತ್ತಾದ ದಿನ ಬೀನ್ಸ್ ಪಾತಿಗೆ ನೀರು ಬಿಟ್ಟದ್ದೇ ಮರೆತು ಹಿತ್ತಲೆಲ್ಲ ಕೆಸರಾಯಿತು.

ಒಂದು ಸಂಜೆ ಗಂಡ ಊಟಕ್ಕೆ ಕೂತವನು, ಅವಳ ಭಾಷಣದ ವಿಡಿಯೋ ನೋಡಿದೆ, ಎಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತೀಯ, ಎಂದ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯವಳು ಮನಸ್ಸಿನಲ್ಲೇ ಅಂದುಕೊಂಡು, ಅವನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಹಾಕಿದಳು, ಬಾಯಿ ಮುಚ್ಚಲಿ ಎಂದು. ಅವನು ಹೋದಮೇಲೆ ತಾನೂ ವಿಡಿಯೋ ನೋಡಿದಳು. ಪಿಯಾನೋದವರ ಕಥೆಯೆಲ್ಲ ಅದರಲ್ಲಿತ್ತು, ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ. ‘ನಮ್ಮ ಮನೆಯಲ್ಲಿ ಒಬ್ಬರು’ ಎಂದು ಒಂದೇ ಒಂದು ಕಡೆ ಅಂದಿದ್ದಳು. ಒಬ್ಬರು! ಆ ವಾರವೆಲ್ಲ ಕಳೆ ಕೀಳುವಾಗ ಒಳ್ಳೆಯ ಸಸಿಗಳೂ ಕೆಲವು ಕೈಗೆ ಬಂದವು.

ಅದಾದ ತಿಂಗಳಿಗೆ ಕಿರಿಯವಳು ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗೆ ಬಂದಳು. ಇದುವರೆಗಿನದೆಲ್ಲಕ್ಕಿಂತ ದೊಡ್ಡ ಸಮ್ಮೇಳನ, ಆರುನೂರು ಜನ ಸೇರುತ್ತಾರೆ. ವೇದಿಕೆಯಲ್ಲಿ ತೋರಿಸಲೆಂದು ಕೊಠಡಿ ಕಾಯ್ದಿರಿಸುವ ಒಂದು ಪುಟ ಕಟ್ಟಿದ್ದೇನೆ, ಒಮ್ಮೆ ನೋಡಿ ಎಂದಳು. ಹಿರಿಯವಳು ಮೌಸ್ ಪಕ್ಕಕ್ಕಿಟ್ಟು ಕೀಲಿಮಣೆಯಲ್ಲೇ ನಡೆದು ನೋಡಿದಳು. ಹೆಸರು ಸರಿ, ಫೋನು ಸರಿ. ತಾರೀಖು ಆರಿಸುವ ಕ್ಯಾಲೆಂಡರಿನೊಳಗೆ ಹೋದಳು. ಅಲ್ಲಿಂದ ಹೊರಗೆ ಬರಲಾಗಲಿಲ್ಲ. ಯಾವ ಕೀಲಿ ಒತ್ತಿದರೂ ಅಲ್ಲೇ ಗಿರಕಿ. ಇಲಿಬೋನಿನ ಹಾಗೆ ಒಳಗೆ ದಾರಿ ಇದೆ, ಹೊರಗೆ ಇಲ್ಲ. ಕಣ್ಣಿದ್ದವರು ಮೌಸಿನಲ್ಲಿ ಒತ್ತಿ ಪಾರಾಗುತ್ತಾರೆ, ಇಲ್ಲದವರು ಅಲ್ಲೇ ಕೂರಬೇಕು.

ಕಿರಿಯವಳು ಒಲೆಯ ಕಡೆ ತಿರುಗಿ ಕುದಿಯುತ್ತಿದ್ದ ಕುಂಬಳಕಾಯಿ ಸೂಪನ್ನು ಕಲಕುತ್ತಿದ್ದಳು, ತಳ ಹಿಡಿಯದಿರಲಿ ಎಂದು.

‘ಹೇಗಿದೆ ಅಕ್ಕ?’

‘ಚೆನ್ನಾಗಿದೆ,’ ಎಂದಳು ಹಿರಿಯವಳು.

ಎರಡೇ ಕ್ಷಣದ ಮಾತು. ಅಷ್ಟು ಸಲೀಸಾಗಿ ಬಾಯಿಂದ ಬಂದದ್ದು ಕಂಡು ಅವಳಿಗೇ ಆಶ್ಚರ್ಯವಾಯಿತು. ಕರೆದು ಹೇಳಿಬಿಡಲು ಆಮೇಲೆ ಐದು ದಿನವಿತ್ತು. ಐದು ದಿನವೂ ಮೆಟ್ಟಿಲ ಬುಡದವರೆಗೆ ಹೋಗಿ, ಗೂಟದಲ್ಲಿ ತೂಗುವ ಚೀಟಿಗಳನ್ನು ನೋಡಿ ಹಿಂದಕ್ಕೆ ಬಂದಳು.

ಸಮ್ಮೇಳನದ ಬೆಳಗ್ಗೆ ಅದನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಿದ್ದರು. ಹಿರಿಯವಳು ಒಲೆ ಆರಿಸಿ, ಫೋನು ಮೌನವಾಗಿಸಿ ಕೂತಳು. ಕಿರಿಯವಳು ನೀಲಿ ಅಂಗಿ ತೊಟ್ಟು ಬಂದಳು, ನಗಿಸಿದಳು, ಪುಟ ತೆರೆದಳು. ಮುಂದಿನ ಸಾಲಿನಲ್ಲಿದ್ದ ಕಣ್ಣು ಕಾಣದ ಒಬ್ಬ ಹಿರಿಯರನ್ನು ಮೇಲೆ ಕರೆದು, ನೀವೇ ಕೊಠಡಿ ಕಾಯ್ದಿರಿಸಿ ಎಂದಳು. ಹೆಸರು, ಫೋನು, ಕ್ಯಾಲೆಂಡರು. ಅವರ ಬೆರಳು ಒಂದೇ ಕೀಲಿಯನ್ನು ಒತ್ತುತ್ತಲೇ ಇತ್ತು. ಕೊನೆಗೆ ತಲೆಯೆತ್ತಿ, ‘ನಾನು ಇದರೊಳಗೆ ಸಿಕ್ಕಿಹಾಕ್ಕೊಂಡಿದ್ದೀನಮ್ಮ,’ ಎಂದರು.

ಸಭೆ ಗೊಳ್ಳೆಂದಿತು. ಕಿರಿಯವಳ ಮುಖ ಬಿಳುಚಿದ್ದು ಪರದೆಯಲ್ಲೂ ಕಂಡಿತು. ಹಿರಿಯವಳಿಗೆ ಒಂದು ಗಳಿಗೆ ಖುಷಿಯಾಯಿತು. ಸುಳ್ಳು ಹೇಳಬಾರದು, ಆಯಿತು. ಮರುಗಳಿಗೆಗೆ ಕಿರಿಯವಳು ಕುರ್ಚಿ ಎಳೆದುಕೊಂಡು ಆ ಹಿರಿಯರ ಪಕ್ಕ ಕೂತಳು. ಎಲ್ಲಿ ಸಿಕ್ಕಿಕೊಂಡಿತು, ಕಿವಿಗೆ ಏನು ಕೇಳಿಸಿತು ಎಂದು ಒಂದೊಂದೇ ಕೇಳುತ್ತ ಅಲ್ಲೇ ಎಲ್ಲರೆದುರು ತಿದ್ದತೊಡಗಿದಳು. ಎಂಟು ನಿಮಿಷ ಹಿಡಿಯಿತು. ಇದನ್ನೇ ಪಾಠ ಮಾಡೋಕೆ ಬಂದವಳು ನಾನೇ ತಪ್ಪಿದ್ದೀನಿ ನೋಡಿ ಎಂದಳು. ಆರುನೂರು ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಂಜೆಗೆ ಆ ಎಂಟು ನಿಮಿಷ ಎಲ್ಲರ ಫೋನಿನಲ್ಲೂ ಓಡುತ್ತಿತ್ತು. ಹಳ್ಳ ಕಂಡೂ ಹೇಳದವಳು ಮೇಲೆ ನಿಂತು ನೋಡುತ್ತಿದ್ದಂತೆ, ಬಿದ್ದವಳು ಹೊನ್ನಿನ ಕೊಪ್ಪರಿಗೆ ಹಿಡಿದುಕೊಂಡು ಎದ್ದು ಬಂದಳು.

ಮೂರನೆಯ ದಿನ ಕಿರಿಯವಳು ಬಂದವಳೇ ಚೀಲವನ್ನೂ ಇಳಿಸದೆ ಕೆಳಗಿನ ಮನೆಗೆ ಬಂದು ಎಲ್ಲವನ್ನೂ ಹೇಳಿದಳು. ನನಗೆ ಧೈರ್ಯ ಕೊಟ್ಟದ್ದೇ ನೀವು ಎಂದಳು. ‘ನಿಮ್ಮ ಕಣ್ಣಿಗೇ ಬೀಳದ ತಪ್ಪು ನನಗೆಲ್ಲಿ ಕಾಣುತ್ತೆ ಅಂತ ಸಮಾಧಾನ ಮಾಡ್ಕೊಂಡೆ ಅಕ್ಕ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೇ ಇಲ್ಲ, ಅದೇ ಹಿರಿಯವಳಿಗೆ ತಡೆಯಲಾಗದೆ ಹೋಯಿತು.

‘ಬಿದ್ದಿತ್ತು,’ ಎಂದಳು. ‘ಅವತ್ತೇ ನೋಡಿದ್ದೆ. ಹೇಳಲಿಲ್ಲ.’

‘ಯಾಕೆ?’

‘ಹೊಟ್ಟೆಕಿಚ್ಚು.’

ಕಿರಿಯವಳು ಹೆಗಲ ಚೀಲ ಕೆಳಗಿಳಿಸಿದಳು. ‘ನಿಮ್ಮ ಹೆಸರು ಹೇಳ್ತೀನಿ ಅಂತ ಮೊದಲನೇ ಸಲಾನೇ ಕೇಳಿದ್ದೆ. ಅಲ್ಲೆಲ್ಲ ನನ್ನ ಹೆಸರು ಎಳೀಬೇಡ, ಸುಮ್ಮನೆ ಗಿರಾಕಿಗಳು ತಲೆ ತಿಂತಾರೆ ಅಂದ್ರಿ. ನೆನಪಿದೆಯಾ?’ ಎಂದಳು. ಉತ್ತರಕ್ಕೆ ಕಾಯದೆ ಚೀಲ ಹೆಗಲಿಗೆ ಏರಿಸಿಕೊಂಡು ಮೇಲೆ ಹೋದಳು. ಹಿರಿಯವಳಿಗೆ ನೆನಪಿರಲಿಲ್ಲ. ಆದರೆ ಅದು ತನ್ನದೇ ಮಾತು ಎಂಬುದು ಕೇಳಿದ ಕೂಡಲೆ ಗೊತ್ತಾಯಿತು.

ಮೂರು ವಾರ ಮೇಲಿನವಳು ಕೆಳಗಿಳಿಯಲಿಲ್ಲ. ಹಿತ್ತಲಿಗೆ ಒಬ್ಬಳು ಬೆಳಗ್ಗೆ ಬಂದರೆ ಇನ್ನೊಬ್ಬಳು ಮಧ್ಯಾಹ್ನ. ಟೊಮೇಟೊ ಹಣ್ಣಾಗಿ ಯಾರು ಕೀಳಬೇಕೆಂದು ಗೊತ್ತಾಗದೆ ಉದುರಿದವು. ಗಂಡ ಎರಡು ಸಲ ಏನಾಯಿತೆಂದು ಕೇಳಿದ. ಎರಡನೆಯ ಸಲ ಹಿರಿಯವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನು ತಟ್ಟೆ ಎತ್ತಿಕೊಂಡು ಹೋಗಿ ತಾನೇ ತೊಳೆದ. ಬೈದಿದ್ದರೆ ಹಗುರವಾಗುತ್ತಿತ್ತು.

ಕ್ಷಮಿಸು ಎಂದು ಎರಡು ಸಲ ಕಾಗದ ಬರೆದು ಹರಿದಳು. ಕೊನೆಗೆ ತನಗೆ ಗೊತ್ತಿದ್ದ ಕೆಲಸಕ್ಕೇ ಕೈ ಹಾಕಿದಳು. ಆ ಕ್ಯಾಲೆಂಡರನ್ನು ಬುಡದಿಂದ ಹೊಸದಾಗಿ ಕಟ್ಟಿದಳು. ಪಿಯಾನೋದವರನ್ನು ಕರೆದು ನಾಲ್ಕು ಸಂಜೆ ಅದರಲ್ಲಿ ಓಡಾಡಿಸಿದಳು. ಈಗ ಹಗ್ಗ ಬಿಚ್ಚಿದ ಕರುವಿನ ಹಾಗೆ ಎಲ್ಲಿ ಬೇಕಾದರೂ ನುಗ್ಗಬಹುದು ಎಂದು ಅವರು ಒಪ್ಪಿದಮೇಲೆ ಮೇಲಿನ ಮನೆಗೆ ಮಿಂಚಂಚೆ ಮಾಡಿದಳು. ‘ತಲುಪಿತು’ ಎಂದು ಒಂದೇ ಪದದ ಉತ್ತರ ಬಂತು.

ತಿಂಗಳ ಮೇಲೆ ಕಿರಿಯವಳು ಬಾಗಿಲಲ್ಲೇ ನಿಂತು ಹೇಳಿದಳು. ಒಂದೇ ದಿನ ಎರಡು ಕಡೆ ಕರೆದಿದ್ದಾರಂತೆ, ಚಿಕ್ಕದಕ್ಕೆ ಹಿರಿಯವಳ ಹೆಸರು ಕೊಟ್ಟಿದ್ದಾಳಂತೆ. ‘ಬೇಡ ಅಂದ್ರೆ ನೀವೇ ಅವರಿಗೆ ಹೇಳಿ. ನನಗಿನ್ನೂ ಸಿಟ್ಟು ಹೋಗಿಲ್ಲ. ಆದರೆ ಆ ಕ್ಯಾಲೆಂಡರು ನಾನು ಕಟ್ಟಿದ್ದಲ್ಲ, ನಾನು ನಿಂತು ಅದನ್ನ ತೋರಿಸಲ್ಲ.’

ಹಿರಿಯವಳು ಹೋದಳು. ಮೂವತ್ತನಾಲ್ಕು ಜನ ಬಂದಿದ್ದರು, ಎಣಿಸಿಕೊಂಡಳು. ಲೋಟದ ನೀರು ಮೇಜಿಗೆ ಚೆಲ್ಲಿತು, ಹೇಳಬೇಕಾದ್ದರಲ್ಲಿ ಅರ್ಧ ಮರೆತುಹೋಯಿತು. ಕ್ಯಾಲೆಂಡರಿನ ಭಾಗ ಬಂದಾಗ ಮಾತ್ರ ದನಿ ತಾನಾಗಿ ಗಟ್ಟಿಯಾಯಿತು. ಮುಗಿದಮೇಲೆ ಇಬ್ಬರು ಬಂದು ಇನ್ನೊಮ್ಮೆ ತೋರಿಸಿ ಎಂದರು. ಅವರಿಗೆ ತೋರಿಸುತ್ತ ರೈಲು ತಪ್ಪಿಸಿಕೊಂಡಳು.

ಮಾರನೆಯ ದಿನ ಮನೆಗೆ ಬಂದರೆ ಪಾತಿಗೆ ನೀರು ಬಿದ್ದಿತ್ತು, ಬಳ್ಳಿಗೆ ಹೊಸ ಕೋಲು ಕೊಟ್ಟಾಗಿತ್ತು. ನಿನ್ನೆ ಸಂಜೆಯೇ ವಾಪಸಾಗಿ ಚಿಕ್ಕಮ್ಮ ಮಾಡಿದ ಊಟ ನಿನ್ನದಕ್ಕಿಂತ ರುಚಿಯಾಗಿತ್ತು ಎಂದು ಮಗಳು ವರದಿ ಒಪ್ಪಿಸಿದಳು. ನಿನ್ನೆ ಮೊನ್ನೆ ಈ ಮನೆಗೆ ಬಂದವಳು ನನ್ನ ಒಲೆಯ ಮುಂದೂ ಗೆಲ್ಲಬೇಕೇ ಎಂದುಕೊಂಡಳು ಹಿರಿಯವಳು. ಮೇಲೆ ಹೋಗಿ ಬಾಗಿಲು ತಟ್ಟಿ, ಅದಕ್ಕೆ ಏನೇನು ಹಾಕಿದೆ ಎಂದು ಕೇಳಿದಳು. ಕಿರಿಯವಳು ಹೇಳಿದಳು. ಹಿರಿಯವಳು ಬರೆದುಕೊಂಡಳು, ಒಂದು ಪದವನ್ನೂ ಬಿಡದೆ.