ಲೋಲಾಕ್ಷಿಯ ಚೆನ್ನೆಮಣೆಯಲ್ಲಿ ಅಂಕೆ ಒಂದೊಂದೇ ಏರುತ್ತದೆ

ಮಂಗಲ್ಪಾಡಿಯ ಹೆದ್ದಾರಿ ಬದಿಯ ಅಂಗಡಿಗಳೆಲ್ಲ ಇನ್ನೂ ಮುಚ್ಚಿಯೇ ಇವೆ. ಒಂದು ಜೆರಾಕ್ಸ್ ಅಂಗಡಿಯ ಶಟರ್ ಮಾತ್ರ ಅರ್ಧ ಮೇಲೇರಿದೆ. ಒಳಗೆ ಲೋಲಾಕ್ಷಿ ಕಂಪ್ಯೂಟರಿನ ತೆರೆಯನ್ನೇ ದಿಟ್ಟಿಸುತ್ತಿದ್ದಾರೆ. ತೆರೆಯ ಮೇಲೆ ಎರಡು ಸಾಲು ಗುಳಿಗಳು, ಪ್ರತಿ ಗುಳಿಯ ಮೇಲೂ ನಾಲ್ಕು ಎಂಬ ಅಂಕೆ. ಗುಂಡಿ ಒತ್ತಿದರೆ ಒಂದು ಗುಳಿ ಬರಿದಾಗಿ, ಮುಂದಿನದರ ನಾಲ್ಕು ಐದಾಗಬೇಕು, ಆಮೇಲೆ ಅದರ ಪಕ್ಕದ್ದು, ಆಮೇಲೆ ಅದರಾಚೆಯದು. ಒತ್ತುತ್ತಾರೆ. ಮುಂದಿನ ನಾಲ್ಕು ಗುಳಿಗಳೂ ಒಟ್ಟಿಗೇ ಐದಾಗುತ್ತವೆ.

"ಥೋ!"

ಹಗಲೆಲ್ಲ ಇಲ್ಲಿ ಊರವರ ಅರ್ಜಿ ತುಂಬಿಸುವುದು, ಫೋಟೊ ಪ್ರಿಂಟ್ ತೆಗೆಯುವುದು ಅವರ ಕೆಲಸ. ಗಿರಾಕಿಗಳು ಬರುವ ಮೊದಲಿನ ಹೊತ್ತು ಮಾತ್ರ ಸ್ವಂತದ್ದು. ವಿಡಿಯೋ ನೋಡಿ ನೋಡಿ ಕಲಿತ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ, ಗುಳಿಯಿಂದ ಗುಳಿಗೆ ಕಾಯಿ ಹಂಚುತ್ತಾ ಆಡುವ ಚೆನ್ನೆಮಣೆಯನ್ನು ಮೊಬೈಲಿಗೆ ಕಟ್ಟಿದ್ದು ಆ ಹೊತ್ತಿನಲ್ಲೇ. ಆಡುವವರು ಇಬ್ಬರು: ಇಲ್ಲಿ ಲೋಲಾಕ್ಷಿ, ಶಾರ್ಜಾದಲ್ಲಿ ಸುಪ್ರೀತಾ.

ಸುಪ್ರೀತಾ ಪಕ್ಕದ ಮನೆಯವರು, ಶಾಲೆಯ ಕಾಲದ ಗೆಳತಿ. ಮಳೆ ಬಿಡದ ಆಟಿ ತಿಂಗಳಲ್ಲಿ ಇಬ್ಬರೂ ಜಗಲಿಯಲ್ಲಿ ಮಣೆ ಹಿಡಿದು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಈಗ ಸುಪ್ರೀತಾ ಅಲ್ಲಿನ ಕಚೇರಿಯೊಂದರಲ್ಲಿ ಕ್ಲೀನಿಂಗ್ ಕೆಲಸಕ್ಕಿದ್ದಾರೆ. ದಿನವೂ ಬರುತ್ತಿದ್ದ ಫೋನು ವಾರಕ್ಕೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿದೆ.

"ಫೋನಲ್ಲಿ ಎಂತ ಮಾತಾಡುದು? ಚಾ ಆಯ್ತಾ, ಊಟ ಆಯ್ತಾ, ಅಷ್ಟೇ. ಆಟ ಆದ್ರೆ ಮಾತು ಹುಡುಕ್ಬೇಕು ಅಂತ ಇಲ್ಲ," ಎನ್ನುತ್ತಾರೆ ಲೋಲಾಕ್ಷಿ.

ಆದರೆ ಮೊದಲ ಆಟದಲ್ಲೇ ಎಡವಟ್ಟಾಯಿತು. ಲೋಲಾಕ್ಷಿ ಒಂದು ಗುಳಿಯ ಕಾಯಿ ಎತ್ತಿದ್ದೇ ತಡ, ಮುಂದಿನ ಗುಳಿಗಳ ಅಂಕೆಗಳೆಲ್ಲ ಒಮ್ಮೆಲೇ ಬದಲಾದವು. ಶಾರ್ಜಾದಿಂದ ದನಿ ಸಂದೇಶ ಬಂತು: "ಕಾಯಿ ಬಿದ್ದದ್ದು ನಾನು ನೋಡ್ಲೇ ಇಲ್ಲ ಮಾರಾಯ್ತಿ! ನೀನು ಹಾಕಿದ್ದಾ, ಕದ್ದದ್ದಾ?" ನಗುತ್ತಲೇ ಹೇಳಿದ್ದು. ಆದರೆ ಆಮೇಲೆ ಸುಪ್ರೀತಾ ಆಟ ತೆರೆಯಲೇ ಇಲ್ಲ.

ಎದುರಿನವರ ಬೆರಳಿನಿಂದ ಕಾಯಿ ಒಂದೊಂದೇ ಉದುರುವುದನ್ನು ಕಣ್ಣಿಟ್ಟು ನೋಡುವುದೇ ಚೆನ್ನೆಯಲ್ಲಿ ಅರ್ಧ ಆಟ. ಯಂತ್ರವೂ ಒಳಗೊಳಗೆ ಒಂದೊಂದೇ ಹಂಚುತ್ತಿತ್ತು. ಹಂಚಿ ಮುಗಿಯುವ ತನಕ ತೆರೆಯ ಮೇಲಿನ ಅಂಕೆ ತಿದ್ದಲು ಅದಕ್ಕೆ ಪುರುಸೊತ್ತಿರಲಿಲ್ಲ, ಅಷ್ಟೇ. ನಡುವೆ ತಡೆದು ನಿಲ್ಲಿಸಿದರೆ ಇಡೀ ಆಟವೇ ಮರಗಟ್ಟುತ್ತಿತ್ತು.

ಅಂಗಡಿಯ ಯಜಮಾನರು ಮುದ್ದಣ್ಣ ಶಟರ್ ಪೂರ್ತಿ ಎತ್ತುತ್ತಾ ಒಳಗೆ ಬರುತ್ತಾರೆ. "ಎಂತ ಲೋಲಾಕ್ಷಿ, ನಿನ್ನ ಕಾಯಿಗೆ ಇನ್ನೂ ಬೀಳ್ಲಿಕ್ಕೆ ಮನಸ್ಸಾಗ್ಲಿಲ್ವಾ?"

"ಸ್ವಲ್ಪ ನಿಲ್ಲಿ ಮಾರಾಯ್ರೇ."

ಲೋಲಾಕ್ಷಿ ಈ ಸಲ ಪ್ರತಿ ಕಾಯಿಗೂ ಬೇರೆ ಬೇರೆ ಹೊತ್ತು ಗೊತ್ತುಮಾಡುತ್ತಾರೆ: ಒಂದು ಹಾಕು, ಅಂಕೆ ಹೊಸದಾಗಿ ಬರೆ, ತೆರೆಗೆ ಉಸಿರಾಡಲು ಬಿಡು, ಆಮೇಲೆ ಮುಂದಿನದು. ಒತ್ತುತ್ತಾರೆ. ಐದು. ಪಕ್ಕದ್ದೂ ಐದು. ಅದರಾಚೆ ಐದು. ಮುದ್ದಣ್ಣ ಬೀಗದಕೈ ಹಿಡಿದುಕೊಂಡೇ ಬಗ್ಗಿ ನೋಡುತ್ತಾರೆ.

ತಿದ್ದಿದ ಆಟ ಶಾರ್ಜಾಕ್ಕೆ ಹೋಗುತ್ತದೆ. ಗಡಿಯಾರ ಒಂದೂವರೆ ತಾಸು ಹಿಂದಿರುವ ಅಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ, ಸುಪ್ರೀತಾ ಕಂಪೆನಿ ಬಸ್ಸಿಗೆ ಕಾಯುವ ಹೊತ್ತು. ಲೋಲಾಕ್ಷಿ ಮೊಬೈಲನ್ನು ಮೇಜಿನ ಮೇಲಿಟ್ಟು ಯಾರದೋ ಆಧಾರ್ ಪ್ರತಿ ತೆಗೆಯುತ್ತಾರೆ. ಕಣ್ಣು ಮಾತ್ರ ಮೊಬೈಲಿನ ಮೇಲೆ. ತುಂಬಾ ಹೊತ್ತಾದ ಮೇಲೆ ಎದುರು ಸಾಲಿನ ಒಂದು ಗುಳಿ ಬರಿದಾಗುತ್ತದೆ. ಮುಂದಿನ ಗುಳಿಗಳ ಅಂಕೆ ಒಂದೊಂದಾಗಿ ಏರುತ್ತಾ ಬರುತ್ತದೆ. ಹಿಂದೆಯೇ ಸುಪ್ರೀತಾರ ದನಿ: "ಹಾಂ, ಈಗ ಸರಿ ಉಂಟು. ಬಸ್ಸು ಬಂತು, ಇಡ್ತೇನೆ."

"ಯಾರು ಗೆಲ್ಲುದು ಅಂತ ಕಾಣ್ತದೆ?" ಮುದ್ದಣ್ಣ ಕೇಳುತ್ತಾರೆ.

"ಗೆಲ್ಲುದೆಲ್ಲ ಬೇಡ ಮುದ್ದಣ್ಣ. ಆಟ ಮುಗಿಯದಿದ್ರೆ ಸಾಕು. ಮುಗಿದ್ರೆ ಮತ್ತೆ ನಾನೇ ಕರೀಬೇಕಲ್ಲ."