ಉಳಿದ ಕಾಲಿಗೆ ಹೊಸ ಮಂಡಿ

"ಒಂದು ವೀಲ್‌ಚೇರ್ ತಂದುಕೊಡ್ತೀನಿ ಅತ್ತೆ. ಈ ವಯಸ್ಸಿನಲ್ಲಿ ಆಪರೇಷನ್ ಯಾಕೆ?"

ಹೀಗೆ ಕೇಳಿದ ಮಹಾ ಬುದ್ಧಿವಂತ ಬೇರೆ ಯಾರೂ ಅಲ್ಲ, ನಾನೇ.

ವಿಮಲತ್ತೆ ನನ್ನ ಅಪ್ಪನ ತಂಗಿ. ಮನೆ ಕಬಿನಿ ಹೊಳೆದಡದ ಗಡಿಯೂರು ಪೆರಿಕಲ್ಲೂರಿನಲ್ಲಿ, ವಯಸ್ಸು ಅರವತ್ತನಾಲ್ಕು. ಹದಿನೆಂಟು ವರ್ಷದ ಹಿಂದೆ ಗದ್ದೆಯಲ್ಲಿ ಉಳುವ ಟಿಲ್ಲರ್‌ಗೆ ಸಿಕ್ಕಿದ ಎಡಗಾಲನ್ನು ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ಕೃತಕ ಕಾಲು ಕಟ್ಟಿಕೊಂಡೇ ಮೆಣಸು ಒಣಗಿಸಿದರು, ಮಗಳ ಮದುವೆ ಮಾಡಿದರು. ಅಷ್ಟೂ ವರ್ಷ ಭಾರ ಹೊತ್ತದ್ದು ಬಲಗಾಲು. ಅದರ ಮಂಡಿ ಸವೆಯದೆ ಇನ್ನೇನಾದೀತು? ಕಳೆದ ವರ್ಷ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಹೊಳೆಯಾಚೆ, ಕರ್ನಾಟಕದ ದಡದಲ್ಲಿರುವ ಮಗಳ ಮನೆಗೆ ಹೋಗುವುದಂತೂ ನಿಂತೇಹೋಯಿತು. ದೋಣಿ ಹತ್ತಬೇಕಲ್ಲ?

ಮೊದಲು ತೋರಿಸಿದ ಡಾಕ್ಟರು ಆಪರೇಷನ್ ಬೇಡವೆಂದರು. ಮಂಡಿ ಬದಲಿಸಿಕೊಂಡವರು ಮೊದಮೊದಲು ಇನ್ನೊಂದು ಕಾಲನ್ನು ನಂಬಿ ನಿಲ್ಲುತ್ತಾರೆ; ಇವರಿಗೆ ಆ ಕಾಲೇ ಇಲ್ಲವಲ್ಲ ಎಂಬುದು ಅವರ ಭಯ. ನಾನೂ ಹೌದು ಹೌದೆಂದು ತಲೆಯಾಡಿಸಿದೆ. (ತಲೆಯಾಡಿಸಲು ಮಂಡಿ ನೋಯುವುದಿಲ್ಲ ನೋಡಿ.)

ಅತ್ತೆ ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು: "ಆ ಕಾಲು ಕಡಿವಾಗ ಯಾರೂ ನನ್ನ ಕೇಳ್ಲಿಲ್ಲ ಮಗಾ. ಈ ಕಾಲಿನ ಕಾರ್ಯ ನಾನೇ ಹೇಳ್ತೇನೆ."

ಎರಡನೆಯ ಡಾಕ್ಟರಮ್ಮ ಮಂಡಿ ನೋಡುವ ಮೊದಲು ಕೃತಕ ಕಾಲು ಬಿಚ್ಚಿಸಿ ನೋಡಿದರು. ಅದು ಸಡಿಲವಾಗಿತ್ತು. ಇದರ ಮೇಲೆ ಗಟ್ಟಿಯಾಗಿ ನಿಲ್ಲಲಾಗದಿದ್ದರೆ ಆಪರೇಷನ್ ಮಾಡಿಯೂ ಪ್ರಯೋಜನವಿಲ್ಲ ಎಂದು ಹೊಸ ಕಾಲು ಮಾಡಿಸಿದರು. ಎರಡು ತಿಂಗಳು ಅದರ ಮೇಲೆ ನಿಲ್ಲುವ ಕಸರತ್ತು. ಅತ್ತೆ ಅಡುಗೆಮನೆಯ ಕಟ್ಟೆ ಹಿಡಿದು ನಿಲ್ಲುತ್ತಿದ್ದರು, ಬೈಯುತ್ತಿದ್ದರು (ನನ್ನನ್ನೇ), ಮತ್ತೆ ನಿಲ್ಲುತ್ತಿದ್ದರು. ಆಪರೇಷನ್ ಆದದ್ದು ಅದಾದ ಮೇಲೆ.

ಮರುದಿನ ಫಿಸಿಯೋಥೆರಪಿಯವರು ವಾಕರ್ ತಂದಿಟ್ಟರು. ಅತ್ತೆ ಕೃತಕ ಕಾಲೂರಿ ಎದ್ದರು. ಹೊಸ ಮಂಡಿಯ ಮೇಲೆ ಭಾರ ಬಿಡಲು ಧೈರ್ಯ ಸಾಲದೆ ವಾಕರ್ ಬಿಗಿಹಿಡಿದು ಅಲ್ಲೇ ನಿಂತರು. ನಾನು ಹಿಡಿಯಲು ಹೋದೆ.

"ಹಿಡೀಬೇಡ. ಬಿದ್ರೆ ಆಗ ಹಿಡಿ," ಎಂದರು.

ಬೀಳಲಿಲ್ಲ. ನಾಲ್ಕು ಹೆಜ್ಜೆ ಇಟ್ಟರು.

ಇದಾಗಿ ಐದು ತಿಂಗಳು. ಈಗಲೂ ಕೋಲು ಬೇಕು. ನೆಲದ ಮೇಲೆ ಕೂರುವಂತಿಲ್ಲ. ಆದರೆ ಹೋದ ಭಾನುವಾರ ಕಬಿನಿಯ ದಡದಲ್ಲಿ ಅಂಬಿಗರು ದೋಣಿ ಅಲುಗಾಡದಂತೆ ಹಿಡಿದರು. ಅತ್ತೆ ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದನ್ನು ನನ್ನ ಹೆಗಲ ಮೇಲಿಟ್ಟು, ತಾವೇ ಕಾಲೆತ್ತಿ ಹತ್ತಿದರು. ಆಚೆ ದಡದಲ್ಲಿ ಮಗಳ ಕಣ್ಣು ತುಂಬಿತ್ತು. ಅತ್ತೆ ಮಾತ್ರ ಇಳಿದವರೇ ಊಟಕ್ಕೆ ಏನು ಮಾಡಿದ್ದೀ ಎಂದು ಕೇಳಿದರು.

ವಯಸ್ಸಾದವರಿಗೆ, ಕಾಲಿಲ್ಲದವರಿಗೆ ನಾವು "ಇಷ್ಟು ಸಾಕು ಬಿಡಿ" ಎನ್ನುತ್ತೇವೆ. ಪ್ರೀತಿಯಿಂದಲೇ ಹೇಳುತ್ತೇವೆ. ನಮ್ಮ ಎರಡೂ ಕಾಲು ಗಟ್ಟಿಯಿರುವಾಗ, ಇನ್ನೊಬ್ಬರಿಗೆ ಎಷ್ಟು ನಡಿಗೆ ಸಾಕೆಂದು ತೀರ್ಮಾನಿಸುವುದು ಅದೆಷ್ಟು ಸುಲಭ, ಅಲ್ಲವೇ?